ಹೆಸರಿರುವ ಕಲ್ಲು, ಹೆಸರಿಲ್ಲದ ನಕ್ಷೆ

1859ರಲ್ಲಿ ಲಂಡನ್ನಿನಲ್ಲಿ ವಿಜಯಪುರದ ಆದಿಲಶಾಹಿ ಕಟ್ಟಡಗಳ ನಕ್ಷೆಗಳ ಒಂದು ದೊಡ್ಡ ಗ್ರಂಥ ಪ್ರಕಟವಾಯಿತು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜಾಮಿ ಮಸೀದಿ ಮುಂತಾದವುಗಳನ್ನು ಅಳೆದು, ತಳವಿನ್ಯಾಸ, ಎತ್ತರ, ಸೀಳುನೋಟಗಳನ್ನು ಕಾಗದದ ಮೇಲೆ ಮೂಡಿಸಿದ ಕೆಲಸ ಅದು. ಅದರ ಮೊದಲ ಪುಟದಲ್ಲಿ ಕೆಲಸ ಮಾಡಿದವರ ವಿವರವಿದೆ. ಬಾಂಬೆ ಎಂಜಿನಿಯರ್ಸ್ ಪಡೆಯ ಕ್ಯಾಪ್ಟನ್ ಹಾರ್ಟ್, ಅವರಿಗೆ ನೆರವಾದ ಸಿವಿಲ್ ಎಂಜಿನಿಯರ್ ಕಮಿಂಗ್, ಸಂಪಾದಕ ಜೇಮ್ಸ್ ಫರ್ಗುಸನ್. ಇವರ ಜೊತೆಗೆ ಇನ್ನೂ ಒಂದು ಗುಂಪು: 'ನೇಟಿವ್ ಡ್ರಾಫ್ಟ್ಸ್‌ಮನ್', ಅಂದರೆ ದೇಶೀ ನಕ್ಷೆಗಾರರು. ಅವರು ಎಷ್ಟು ಜನ, ಯಾವ ಊರಿನವರು, ಯಾರ ಮಕ್ಕಳು ಎಂಬುದು ಆ ಪುಟದಲ್ಲಿಲ್ಲ.

ಇದಕ್ಕೂ ಏಳು ಶತಮಾನಕ್ಕೂ ಹಿಂದೆ, 1117ರಲ್ಲಿ, ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಇಂದು ನಾವು ಚೆನ್ನಕೇಶವ ಎಂದು ಕರೆಯುವ ಆ ದೇವಾಲಯದ ಕಲ್ಲುಗಳಲ್ಲಿ ಕೆಲಸದವರ ಹೆಸರುಗಳಿವೆ. ಅವರಲ್ಲಿ ಒಬ್ಬ ಬಳ್ಳಿಗಾವೆಯ ದಾಸೋಜ. ಇನ್ನೊಬ್ಬ ಅವನ ಮಗ ಚಾವಣ.

ಒಂದು ಕಡೆ ನಕ್ಷೆ ಉಳಿದಿದೆ, ಬರೆದವನ ಹೆಸರಿಲ್ಲ. ಇನ್ನೊಂದು ಕಡೆ ಹೆಸರು ಉಳಿದಿದೆ, ನಕ್ಷೆ ಇಲ್ಲ. ಯುರೋಪಿನ 19ನೇ ಶತಮಾನದ ವಾಸ್ತುಶಿಲ್ಪಿ ಮನೆತನಗಳ ಬಗ್ಗೆ ಓದುವಾಗ ಅಜ್ಜ, ಅಪ್ಪ, ಮಗ ಬರೆದ ನಕ್ಷೆಗಳು ಕಟ್ಟುಕಟ್ಟಾಗಿ ಉಳಿದಿರುವುದನ್ನು ಕಾಣುತ್ತೇವೆ. ನಮ್ಮ ನಾಡಿನಲ್ಲಿ ಇಂಥ ಮನೆತನಗಳು ಇರಲಿಲ್ಲವೇ? ಖಂಡಿತ ಇದ್ದವು. ಆದರೆ ಅವರ ಗುರುತು ಉಳಿದ ಬಗೆ ಬೇರೆ. ಆ ಬಗೆ ಯಾವುದು, ಅದರಿಂದ ನಮಗೆ ಸಿಕ್ಕಿದ್ದೇನು, ಕಳೆದುಹೋದದ್ದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬಳ್ಳಿಗಾವೆಯಿಂದ ಬೇಲೂರಿಗೆ

ಬಳ್ಳಿಗಾವೆ ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ನಾಡಿನ ರಾಜಧಾನಿಯಾಗಿ, ಮಠ, ಅಗ್ರಹಾರ, ವ್ಯಾಪಾರಗಳಿಂದ ತುಂಬಿದ ಪಟ್ಟಣ. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಈ ಊರಿನ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು ಇಂದಿಗೂ ನಿಂತಿವೆ. ಕಲ್ಲಿನ ಕೆಲಸ ಬಲ್ಲವರಿಗೆ ಅಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ.

ಅಲ್ಲಿಂದ ಬೇಲೂರು ನೇರ ಗೆರೆಯಲ್ಲೇ ಸುಮಾರು 150 ಕಿಲೋಮೀಟರ್. ನಡಿಗೆಯ, ಎತ್ತಿನ ಗಾಡಿಯ ಕಾಲದಲ್ಲಿ ಅದು ಸಣ್ಣ ದೂರವಲ್ಲ. ಹೊಯ್ಸಳರು ಹೆಸರಿಗೆ ಚಾಲುಕ್ಯರ ಸಾಮಂತರಾಗಿದ್ದರೂ ಸ್ವತಂತ್ರವಾಗಿ ಬೆಳೆಯುತ್ತಿದ್ದ ಹೊಸ ಶಕ್ತಿ. ಹೊಸ ದೊರೆ ದೊಡ್ಡ ಕೆಲಸ ಹಿಡಿದಾಗ ನುರಿತ ಕೈಗಳು ಹಳೆಯ ಕೇಂದ್ರಗಳಿಂದ ಬರಬೇಕಾಯಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿನ ಜೊತೆಗೆ ಗದಗಿನ ನಾಗೋಜನ ಹೆಸರೂ ಇದೆ. ಮಲ್ಲಿಯಣ್ಣ, ಚಿಕ್ಕಹಂಪ, ಮಲ್ಲೋಜ ಮುಂತಾದವರೂ ಇದ್ದಾರೆ.

ಬೇಲೂರಿನ ಸೂರಿನ ಕೆಳಗೆ, ಕಂಬ ಮತ್ತು ಮುಂಚಾಚಿನ ನಡುವೆ ಓರೆಯಾಗಿ ನಿಲ್ಲಿಸಿದ ಮದನಿಕೆಗಳನ್ನು ನೋಡದ ಕನ್ನಡಿಗರು ಕಡಿಮೆ. ನಾವು ಶಿಲಾಬಾಲಿಕೆಯರು ಎಂದು ಕರೆಯುವ ಈ ಮೂರ್ತಿಗಳು ಹೊರಗೆ 38, ಒಳಗೆ 4, ಒಟ್ಟು 42. ಕನ್ನಡಿ ನೋಡುವವಳು, ಗಿಳಿ ಹಿಡಿದವಳು, ಬೇಟೆಗಾತಿ, ನರ್ತಕಿ ಇವರೆಲ್ಲ ನಮಗೆ ಪರಿಚಿತರೇ. ಆದರೆ ಅವರ ಪಾದದ ಕೆಳಗಿನ ಪೀಠವನ್ನು ನಾವು ಗಮನಿಸುವುದಿಲ್ಲ. ಕೆಲವು ಪೀಠಗಳ ಮೇಲೆ ಕೆತ್ತಿದವನ ಹೆಸರು, ಊರು, ತಂದೆಯ ಹೆಸರು ಇವೆ. ಹೀಗೆ ಸಿಕ್ಕ ರುಜುಗಳ ಆಧಾರದ ಮೇಲೆ ನಾಲ್ಕು ಮದನಿಕೆಗಳನ್ನು ದಾಸೋಜನ ಹೆಸರಿಗೂ ಐದನ್ನು ಚಾವಣನ ಹೆಸರಿಗೂ ಸೇರಿಸುತ್ತಾರೆ.

ಇಲ್ಲಿ ಒಂದು ವಿಷಯ ನಮ್ಮಂಥವರಿಗೆ ತಟ್ಟದೆ ಇರದು. ದಾಸೋಜ ಬೇಲೂರಿಗೆ ಬಂದು, ಬೇಲೂರಿನ ದೊರೆಯ ಕೆಲಸ ಮಾಡಿ, ಬೇಲೂರಿನ ಕಲ್ಲಿನ ಮೇಲೆ ಬರೆಸಿಕೊಂಡದ್ದು ಬಳ್ಳಿಗಾವೆಯ ಹೆಸರನ್ನು. ಕೆಲಸ ಎಲ್ಲಿಯದಾದರೂ ಊರು ಯಾವುದು ಎಂಬುದನ್ನು ಅವನು ಬಿಡಲಿಲ್ಲ. ಅವನ ಮಗ ತನ್ನನ್ನು ಗುರುತಿಸಿಕೊಂಡದ್ದು ದಾಸೋಜನ ಮಗನೆಂದು. ಒಂದು ಮನೆತನದ ಎರಡು ತಲೆಮಾರು ಒಂದೇ ಕಟ್ಟಡದ ಮೇಲೆ ಹೀಗೆ ದಾಖಲಾಯಿತು.

ಓಜ, ರೂವಾರಿ, ಸೂತ್ರಧಾರಿ

ಈ ಹೆಸರುಗಳ ಕೊನೆಯ ಭಾಗವನ್ನು ನೋಡಿ: ದಾಸೋಜ, ನಾಗೋಜ, ಮಲ್ಲೋಜ, ಕೇದಾರೋಜ, ಬೈಚೋಜ. 'ಓಜ' ಎಂದರೆ ಗುರು. ಸಂಸ್ಕೃತದ 'ಉಪಾಧ್ಯಾಯ' ಪ್ರಾಕೃತದ ಮೂಲಕ ಸವೆದು ಕನ್ನಡಕ್ಕೆ ಬಂದ ರೂಪ ಅದು. ಕಲ್ಲು, ಮರ, ಲೋಹದ ಕೆಲಸದ ಕುಶಲಿಗಳಿಗೆ ಈ ಪದ ಗೌರವಸೂಚಕವಾಗಿ ಅಂಟಿಕೊಂಡಿತು. ಕೆಲಸ ಮಾಡುವವನೂ ಕೆಲಸ ಕಲಿಸುವವನೂ ಒಬ್ಬನೇ ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದೆ.

ಮೂರ್ತಿ ಕೆತ್ತುವವನನ್ನು ಹಳಗನ್ನಡ ಶಾಸನಗಳು 'ರೂವಾರಿ' ಎನ್ನುತ್ತವೆ. ರೂಪವನ್ನು ಮಾಡುವವನು. ಕಟ್ಟಡದ ಅಳತೆ, ವಿನ್ಯಾಸಗಳ ಹೊಣೆ ಹೊತ್ತವನು 'ಸೂತ್ರಧಾರಿ'. ಸೂತ್ರ ಎಂದರೆ ದಾರ, ನೂಲು. ದಾರವನ್ನು ಹಿಡಿದವನೇ ವಾಸ್ತುಶಿಲ್ಪಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಕೊಟ್ಟದ್ದನ್ನು ಅಲ್ಲಿನ ಶಾಸನ ಹೇಳುತ್ತದೆ. ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಯ ಹೆಸರೂ ಅಲ್ಲಿದೆ. ಆದ್ದರಿಂದ ಬೇಲೂರಿನ ರುಜುಗಳು ಇದ್ದಕ್ಕಿದ್ದಂತೆ ಹುಟ್ಟಿದವಲ್ಲ. ಕಟ್ಟಿದವನ ಹೆಸರನ್ನು ಹೇಳುವ ರೂಢಿ ಕನ್ನಡ ನಾಡಿನಲ್ಲಿ ಮೊದಲೇ ಇತ್ತು. ಹೊಯ್ಸಳರ ಕಾಲದಲ್ಲಿ ಅದು ಒಂದೊಂದು ಮೂರ್ತಿಯವರೆಗೂ ಇಳಿದು ಬಂತು.

ಎಷ್ಟರ ಮಟ್ಟಿಗೆ ಎಂದರೆ, ಮಲ್ಲಿತಮ್ಮ ಎಂಬ ರೂವಾರಿಯ ಹೆಸರು 1196ರ ಅಮೃತಾಪುರದಲ್ಲಿ ಕಾಣಿಸುತ್ತದೆ, ಆಮೇಲೆ ನುಗ್ಗೇಹಳ್ಳಿಯಲ್ಲಿ, ಕೊನೆಗೆ 1258ರ ಸೋಮನಾಥಪುರದಲ್ಲಿ. ಮೊದಲನೆಯದಕ್ಕೂ ಕೊನೆಯದಕ್ಕೂ ಅರುವತ್ತಕ್ಕೂ ಹೆಚ್ಚು ವರ್ಷ. ಸೋಮನಾಥಪುರದಲ್ಲೇ ನಲವತ್ತರಷ್ಟು ಮೂರ್ತಿಗಳು ಅವನ ಹೆಸರಿನಲ್ಲಿವೆ. ಎಲ್ಲ ಕಡೆ ಪೂರ್ತಿ ಹೆಸರಿಲ್ಲ. ಕೆಲವೆಡೆ 'ಮಲ್ಲಿ', ಕೆಲವೆಡೆ ಬರೀ 'ಮ'. ಇದರಿಂದ ರುಜುವಿಗೆ ಹೆಮ್ಮೆಯಷ್ಟೇ ಕಾರಣವಲ್ಲ ಎಂದು ಊಹಿಸಬಹುದು. ಹತ್ತಾರು ಜನ ಒಂದೇ ಗೋಡೆಯ ಮೇಲೆ ದುಡಿಯುವಾಗ ಯಾವ ಕೆಲಸ ಯಾರದು ಎಂಬ ಲೆಕ್ಕಕ್ಕೂ ಅದು ಒದಗಿರಬೇಕು.

ನಕ್ಷೆ ಎಲ್ಲಿ?

ಹೆಸರುಗಳೇನೋ ಸಿಕ್ಕವು. ಇಷ್ಟು ಜಟಿಲವಾದ ಕಟ್ಟಡವನ್ನು ನಕ್ಷೆಯಿಲ್ಲದೆ ಕಟ್ಟಲು ಸಾಧ್ಯವೇ? ಸಾಧ್ಯವಿಲ್ಲ. ಆದರೆ ನಕ್ಷೆ ಎಂದರೆ ಕಾಗದವೇ ಆಗಬೇಕೆಂದಿಲ್ಲ.

ಸೋಮನಾಥಪುರದ ಗರ್ಭಗುಡಿಗಳ ಹೊರಗೋಡೆ ಹದಿನಾರು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ನೋಡಿದರೆ ತಲೆ ತಿರುಗುತ್ತದೆ. ಆದರೆ ಅದರ ಗುಟ್ಟು ಮನೆಯಲ್ಲೇ ಮಕ್ಕಳಿಗೆ ಮಾಡಿ ತೋರಿಸುವಷ್ಟು ಸರಳ. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ. ನಡುವಿಗೆ ಗುಂಡುಸೂಜಿ ಚುಚ್ಚಿ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಈಗ ಚೌಕವನ್ನು 45 ಡಿಗ್ರಿ ತಿರುಗಿಸಿ ಮತ್ತೆ ಗೆರೆ ಎಳೆದರೆ ಎಂಟು ಮೂಲೆ. 45ರ ಬದಲು ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಎಳೆದರೆ ಹದಿನಾರು ಮೂಲೆ. ಒಳಗಿನ ಗೆರೆಗಳನ್ನು ಅಳಿಸಿ ಹೊರಗಿನ ಅಂಚನ್ನು ಮಾತ್ರ ಉಳಿಸಿದರೆ ದೇವಾಲಯದ ಗೋಡೆಯ ಮೂಲರೇಖೆ ಸಿದ್ಧ.

ನೆಲದ ಮೇಲೆ ಇದನ್ನು ಮಾಡಲು ಬೇಕಾದದ್ದು ಒಂದು ಗೂಟ, ಒಂದು ದಾರ, ಒಂದು ಅಳತೆಗೋಲು. ಸೂತ್ರಧಾರಿ ಎಂಬ ಹೆಸರಿನ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ನಡುವೆ ಗೂಟ ನೆಟ್ಟು, ದಾರ ಎಳೆದು, ಮೂಲೆಗಳನ್ನು ಗುರುತಿಸಿದರೆ ಪೂರ್ಣ ಗಾತ್ರದ ನಕ್ಷೆ ನೆಲದ ಮೇಲೇ ಮೂಡುತ್ತದೆ. ಅದರ ಮೇಲೆ ಜಗತಿ, ಅದರ ಮೇಲೆ ಗೋಡೆ. ಕಟ್ಟಡ ಎದ್ದ ಹಾಗೆ ನಕ್ಷೆ ಅದರಡಿ ಹೂತುಹೋಗುತ್ತದೆ.

ಕೆಲವು ಕಡೆ ನಕ್ಷೆಯನ್ನು ಬಂಡೆಯ ಮೇಲೆ ಗೀರಿದ್ದೂ ಉಂಟು. ಮಧ್ಯಪ್ರದೇಶದ ಭೋಜಪುರದಲ್ಲಿ ಹನ್ನೊಂದನೆಯ ಶತಮಾನದ ಶಿವಾಲಯವೊಂದು ಅರ್ಧಕ್ಕೆ ನಿಂತಿತು. ಅದರ ಸುತ್ತಲಿನ ಬಂಡೆಗಳ ಮೇಲೆ ಕಂಬ, ಶಿಖರ, ತಳವಿನ್ಯಾಸಗಳ ಗೆರೆಚಿತ್ರಗಳು ಇಂದಿಗೂ ಕಾಣಿಸುತ್ತವೆ. ಕೆಲಸ ಮುಗಿಯದೆ ಉಳಿದದ್ದರಿಂದಲೇ ಅಲ್ಲಿ ಕೆಲಸದ ಕ್ರಮ ನಮ್ಮ ಕಣ್ಣಿಗೆ ಬಿದ್ದಿದೆ.

ಇದರ ಜೊತೆಗೆ ಇನ್ನೊಂದು ನಕ್ಷೆಯಿತ್ತು: ಮನೆತನ. ಅಳತೆಯ ಲೆಕ್ಕ, ಮೂರ್ತಿಯ ತಾಳಪ್ರಮಾಣ, ಯಾವ ಕಲ್ಲಿಗೆ ಯಾವ ಉಳಿ ಎಂಬ ತಿಳಿವಳಿಕೆ ಅಪ್ಪನ ಕೈಯಿಂದ ಮಗನ ಕೈಗೆ ಬಂತು. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿ ಬಿಸಿಲಿಗೆ ಕ್ರಮೇಣ ಗಟ್ಟಿಯಾಗುತ್ತದೆ. ಎಷ್ಟು ಬೇಗ, ಎಷ್ಟು ಆಳಕ್ಕೆ ಕೆತ್ತಬೇಕು ಎಂಬುದು ಪಕ್ಕದಲ್ಲಿ ಕೂತು ಕಲಿಯುವ ವಿದ್ಯೆ. ದಾಸೋಜನ ಕೆಲಸದ ನಕ್ಷೆ ಚಾವಣನ ಕೈಯಲ್ಲಿ ಇತ್ತು ಎಂದರೆ ತಪ್ಪಾಗದು. ಈ ಪದ್ಧತಿಯ ಬಲ ಅದು. ಅದರ ದುರ್ಬಲತೆಯೂ ಅದೇ. ಕೆಲಸ ಸಿಗದೆ ಮನೆತನ ಚದುರಿದರೆ, ಮಗ ಬೇರೆ ದಾರಿ ಹಿಡಿದರೆ, ತೆರೆದು ನೋಡಲು ಒಂದು ಹಾಳೆಯೂ ಉಳಿಯುವುದಿಲ್ಲ.

ಕಾಗದಕ್ಕೆ ಬಂದ ಕಟ್ಟಡಗಳು

19ನೇ ಶತಮಾನದಲ್ಲಿ ಕಥೆ ತಿರುಗಿತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೊಂಡ. ಭೂಮಿಯ ಅಳತೆಯ ಜೊತೆಗೆ ಶಾಸನ, ಕೈಫಿಯತ್ತು, ದೇವಾಲಯಗಳ ಚಿತ್ರ, ನಕ್ಷೆಗಳನ್ನೂ ಸಂಗ್ರಹಿಸಿದ. ಆ ಚಿತ್ರಗಳ ದೊಡ್ಡ ಸಂಗ್ರಹ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವನ ಸಹಾಯಕರಲ್ಲಿ ಕೆಲವರ ಹೆಸರು ನಮಗೆ ಗೊತ್ತು. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರು, ಹಳಗನ್ನಡ ಶಾಸನಗಳನ್ನು ಓದಿಕೊಟ್ಟ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ಮೆಕೆಂಜಿಯ ವರ್ಣಚಿತ್ರದಲ್ಲಿ ತಾಳೆಗರಿ ಹಿಡಿದ ಧರ್ಮಯ್ಯನೂ ಇದ್ದಾನೆ, ಹಿನ್ನೆಲೆಯಲ್ಲಿ ಗೊಮ್ಮಟನೂ ಇದ್ದಾನೆ. ಓದಿದವರಿಗೆ, ಬರೆದವರಿಗೆ ಸಿಕ್ಕ ಈ ಮನ್ನಣೆ ಗೆರೆ ಎಳೆದ ಕೈಗಳಿಗೆ ಸಿಕ್ಕಿದ್ದು ಕಡಿಮೆ.

ವಿಜಯಪುರದ 1859ರ ಗ್ರಂಥ ಇದೇ ದಾರಿಯ ಮುಂದಿನ ಹೆಜ್ಜೆ. ಗೋಳಗುಮ್ಮಟವನ್ನು ನಕ್ಷೆಗಿಳಿಸುವುದು ಎಂಥ ಕೆಲಸ ಎಂದು ಯೋಚಿಸಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಒಳಗಿನ ಚೌಕ ಒಂದೊಂದು ಬದಿಗೆ ಸುಮಾರು 41 ಮೀಟರ್. ಅದರ ಮೇಲಿನ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರುವುದು ಹೇಗೆ? ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳಿಂದ. ಆ ಕಮಾನುಗಳನ್ನು ಮೇಲಿನಿಂದ ನೋಡಿದರೆ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳು, ಅಂದರೆ ಎಂಟು ಮೂಲೆಯ ನಕ್ಷತ್ರ. ನಾವು ರಟ್ಟಿನಿಂದ ಮಾಡಿದ ಆಟದ ಮೊದಲ ಹಂತ ಅದು. ಸೋಮನಾಥಪುರದ ಗೋಡೆಯೂ ವಿಜಯಪುರದ ಗುಮ್ಮಟವೂ ಬೇರೆ ಬೇರೆ ಪರಂಪರೆಯವು. ಆದರೂ ಗೂಟ, ದಾರ, ಚೌಕಗಳ ಲೆಕ್ಕ ಎರಡಕ್ಕೂ ಒಂದೇ. ಈ ಹೋಲಿಕೆ ನಮಗೆ ಸುಲಭವಾಗಿ ಕಾಣುವುದು ಅಳತೆಯ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ. ಗೆರೆ ಎಳೆದವರ ಉಪಕಾರ ಅಷ್ಟು ದೊಡ್ಡದು.

ಇನ್ನೊಂದು ಮಾತನ್ನೂ ಹೇಳಬೇಕು. ಅದೇ ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಯ ಮೇಲಿನ ಫಾರಸಿ ಬರಹದಲ್ಲಿ ಅದನ್ನು ಕಟ್ಟಿಸಿದ ಮಲಿಕ್ ಸಂದಲನ ಹೆಸರಿದೆ. ಆ ಗೋಡೆಯನ್ನು ಅಳೆದು ನಕ್ಷೆ ಬರೆದ ದೇಶೀ ನಕ್ಷೆಗಾರ ಬಹುಶಃ ಆ ಬರಹದ ಎದುರೇ ನಿಂತಿದ್ದ. ಅವನ ಹೆಸರು ಮಾತ್ರ ನಕ್ಷೆಯ ಜೊತೆ ಬರಲಿಲ್ಲ.

ಫರ್ಗುಸನ್ ಹಳೇಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನ್ ಜೊತೆ ಇಟ್ಟು ಚರ್ಚಿಸಿ, ಹೊಯ್ಸಳ ಕಲೆಗೆ ಜಗತ್ತಿನ ಗಮನ ಸೆಳೆದ. ಆದರೆ ರೂವಾರಿಗಳ ಹೆಸರು ಪುಸ್ತಕಕ್ಕೆ ಬರಲು ಇನ್ನೂ ಕಾಲ ಬೇಕಾಯಿತು. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚುಮಾಡಿಸಿದರು. ಅವರ ಬಳಿಕ ಮೈಸೂರು ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಬಗ್ಗೆ, 1919ರಲ್ಲಿ ಬೇಲೂರಿನ ಬಗ್ಗೆ ಪ್ರತ್ಯೇಕ ಪುಸ್ತಕಗಳನ್ನು ಹೊರತಂದರು. ಮೂರ್ತಿಗಳ ಕೆಳಗಿನ ಸಣ್ಣ ರುಜುಗಳನ್ನೂ ಅವರು ಓದಿ ದಾಖಲಿಸಿದರು. ತಳವಿನ್ಯಾಸ ಮತ್ತು ಕೆಲಸಗಾರನ ಹೆಸರು ಒಂದೇ ಪುಸ್ತಕದಲ್ಲಿ ಸೇರಿದ್ದು ಹೀಗೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವು ದೊರೆಗಳ ಹೆಸರಿನ ಜೊತೆಗೆ ಮಲ್ಲಿತಮ್ಮನ ಹೆಸರನ್ನೂ ಹೇಳಲು ಸಾಧ್ಯವಾದದ್ದು ಈ ಶ್ರಮದಿಂದ.

ಸಲಾಲಾಕ್ಕೆ ಬಂದ ಕಲ್ಲು

ಈ ವಿಷಯಕ್ಕೂ ನಾವಿರುವ ಊರಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಅಲ್ ಬಲೀದ್ ಅವಶೇಷಗಳ ನಡುವೆ ಸಂಜೆ ನಡೆದಾಡದವರು ನಮ್ಮಲ್ಲಿ ಯಾರಿದ್ದಾರೆ? ಧೋಫಾರಿನ ಹಳೆಯ ರೇವುಪಟ್ಟಣ ಅದು. ಸಾಂಬ್ರಾಣಿ ಮತ್ತು ಕುದುರೆಗಳು ಇಲ್ಲಿಂದ ಸಾಗರ ದಾಟಿ ನಮ್ಮ ಕಡೆಗೆ ಹೋಗುತ್ತಿದ್ದವು. ನಮ್ಮ ಕಡೆಯಿಂದ ಬಂದದ್ದರಲ್ಲಿ ಕಲ್ಲಿನ ಕೆಲಸವೂ ಇತ್ತು.

ಧೋಫಾರನ್ನು ಆಳಿದ ರಸೂಲಿದ್ ಮನೆತನದ ಅಲ್ ವಾಸಿಕ್ ಇಬ್ರಾಹಿಮನ ಗೋರಿಯ ಅಮೃತಶಿಲೆಯ ಫಲಕಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಹದಿನಾಲ್ಕನೆಯ ಶತಮಾನದ ಆರಂಭದ ಈ ಕೆಲಸ ಗುಜರಾತಿನ ಖಂಭಾತದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಖಂಭಾತದ ಕಲ್ಲುಕುಟಿಗರು ಇಂಥ ಗೋರಿಗಲ್ಲುಗಳನ್ನು ಕೆತ್ತಿ ಹಡಗಿನಲ್ಲಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಸುಮಾತ್ರಾ, ಜಾವಾಗಳವರೆಗೆ ಕಳಿಸುತ್ತಿದ್ದರು. ಕಲ್ಲಿನ ಮೇಲೆ ಸತ್ತವನ ಹೆಸರಿದೆ, ಪವಿತ್ರ ವಾಕ್ಯಗಳಿವೆ. ಕೆತ್ತಿದವನ ಊರನ್ನು ಮಾತ್ರ ಕೆತ್ತನೆಯ ಶೈಲಿಯಿಂದ ಊಹಿಸಬೇಕು. ದಾಸೋಜ ಒಂದು ಸಾಲಿನಲ್ಲಿ ಹೇಳಿದ್ದನ್ನು ಇಲ್ಲಿ ವಿದ್ವಾಂಸರು ಹೋಲಿಕೆ ಮಾಡಿ ಹುಡುಕಬೇಕಾಯಿತು.

ನಾವು ಮಾಡಬಹುದಾದದ್ದು

ಮೂರು ಬಗೆಯ ದಾಖಲೆಗಳನ್ನು ನೋಡಿದೆವು. ಮನೆತನ ವಿದ್ಯೆಯನ್ನು ಉಳಿಸುತ್ತದೆ, ಆದರೆ ಮನೆತನ ಮುರಿದರೆ ಅದೂ ಹೋಗುತ್ತದೆ. ಕಲ್ಲಿನ ರುಜು ಹೆಸರನ್ನು ಉಳಿಸುತ್ತದೆ, ಕೆಲಸದ ಕ್ರಮವನ್ನು ಹೇಳುವುದಿಲ್ಲ. ಕಾಗದದ ನಕ್ಷೆ ಅಳತೆಯನ್ನು ಉಳಿಸುತ್ತದೆ, ಬರೆದವನ ಹೆಸರನ್ನು ಯಾರಾದರೂ ಸೇರಿಸಿದರೆ ಮಾತ್ರ ಅದು ಉಳಿಯುತ್ತದೆ. ಹೆಸರು ತಾನಾಗಿ ಉಳಿಯುವುದಿಲ್ಲ. ಬರೆದರೆ ಉಳಿಯುತ್ತದೆ.

ಗಲ್ಫ್ ನಾಡುಗಳಿಗೆ ಬಂದ ಕನ್ನಡಿಗರಲ್ಲಿ ಸೈಟ್ ಎಂಜಿನಿಯರ್‌ಗಳು, ಡ್ರಾಫ್ಟ್ಸ್‌ಮನ್‌ಗಳು, ಮೇಸ್ತ್ರಿಗಳು, ಬಡಗಿಗಳು, ಎಲೆಕ್ಟ್ರಿಷಿಯನ್‌ಗಳು ಅನೇಕ. ಇಂದಿನ ನಕ್ಷೆಯ ಒಂದು ಮೂಲೆಯಲ್ಲಿ ಸಣ್ಣ ಚೌಕಗಳಿರುತ್ತವೆ: ನಕ್ಷೆ ಬರೆದವರು, ಪರಿಶೀಲಿಸಿದವರು, ಒಪ್ಪಿಗೆ ಕೊಟ್ಟವರು. ಅಲ್ಲಿ ಹಾಕುವ ಒಂದೆರಡು ಅಕ್ಷರಗಳು ಮಲ್ಲಿತಮ್ಮನ 'ಮ' ಇದ್ದಂತೆಯೇ. ಅವನ 'ಮ' ಯಾರೆಂದು ನಮಗೆ ತಿಳಿದದ್ದು ಬೇರೆ ಕಡೆ ಅವನ ಪೂರ್ತಿ ಹೆಸರು ಇದ್ದುದರಿಂದ. ಕಂಪನಿಯ ನಕ್ಷೆಗಳು ಕಂಪನಿಗೆ ಸೇರಿದವು, ಅವನ್ನು ಮನೆಗೆ ತರುವಂತಿಲ್ಲ, ತರಲೂಬಾರದು. ಆದರೆ ಯಾವ ಕಟ್ಟಡ, ಯಾವ ರಸ್ತೆ, ಯಾವ ವರ್ಷ, ಅದರಲ್ಲಿ ನನ್ನ ಕೆಲಸ ಏನು ಎಂದು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಲು ಯಾರ ಅಡ್ಡಿಯೂ ಇಲ್ಲ. ಊರಿನ ಹೆಸರು, ತಂದೆ ತಾಯಿಯ ಹೆಸರು ಸೇರಿಸಿ ಬರೆಯಿರಿ. ಮಕ್ಕಳಿಗೆ ಓದಿ ಹೇಳಿ. ಹಿರಿಯರು ಬರೆಯಲಾರದಿದ್ದರೆ ಅವರು ಹೇಳಿದ್ದನ್ನು ಮಕ್ಕಳೇ ಬರೆದುಕೊಳ್ಳಲಿ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಸೋಮನಾಥಪುರಕ್ಕೋ ಬೇಲೂರಿಗೋ ಹೋಗುವ ಯೋಚನೆ ಇದ್ದರೆ ಒಂದು ಸಲಹೆ. ಬೇಲೂರಿನ ಮದನಿಕೆಗಳು ಎತ್ತರದಲ್ಲಿರುವುದರಿಂದ ದುರ್ಬೀನು ಜೊತೆಗಿರಲಿ. ಸೋಮನಾಥಪುರದ ಗೋಡೆಯ ಮೂರ್ತಿಗಳು ಕಣ್ಣಿನ ಮಟ್ಟಕ್ಕೆ ಹತ್ತಿರ ಇವೆ. ಮೂರ್ತಿಯನ್ನು ನೋಡಿದ ಮೇಲೆ ಪೀಠವನ್ನೂ ನೋಡಿ. ಹಳೆಯ ಕನ್ನಡ ಅಕ್ಷರ ಮೊದಲಿಗೆ ಅಪರಿಚಿತ ಅನಿಸಬಹುದು. ಅಲ್ಲಿನ ಮಾರ್ಗದರ್ಶಿಯನ್ನು ಕೇಳಿದರೆ ಒಂದೆರಡನ್ನು ತೋರಿಸಿಯಾರು. ಇಲ್ಲಿ ಹುಟ್ಟಿ ಕನ್ನಡ ಓದಲು ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಎಂಟುನೂರು ವರ್ಷದ ಹಿಂದಿನ ಒಬ್ಬ ಕೆಲಸಗಾರ ಬರೆದ 'ಮ' ಅಕ್ಷರವನ್ನು ಹುಡುಕುವ ಕೆಲಸ ಕೊಡಿ.